ಸ್ವಸಹಾಯ ಸಂಘಕ್ಕೊಂದು ಅಂತರ್ಜಾಲ ಮಳಿಗೆ: ವೆಬ್ ಪ್ರೋಗ್ರಾಮಿಂಗ್ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಬಿಸಿಎ ಪದವೀಧರೆ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಸದ್ಯ ಊರಿನಲ್ಲಿಯೇ ಇದ್ದೇನೆ. ನಮ್ಮ ಊರಿನ ಮಹಿಳೆಯರ ಸ್ವಸಹಾಯ ಸಂಘವು ಅಪ್ಪೆಮಿಡಿ (ಪರಿಮಳದ ಎಳೆಯ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ ಮತ್ತು ದ್ರವರೂಪದ ಜೋನಿ ಬೆಲ್ಲವನ್ನು ಮಾರುತ್ತದೆ. ಬೆಂಗಳೂರು, ಹುಬ್ಬಳ್ಳಿ ಕಡೆಯ ಗಿರಾಕಿಗಳು ವಾಟ್ಸಾಪ್‌ನಲ್ಲಿ ಬೇಡಿಕೆ ಕಳುಹಿಸುತ್ತಾರೆ, ಸಂಘದ ಕಾರ್ಯದರ್ಶಿಯಾಗಿರುವ ನಮ್ಮ ದೊಡ್ಡಮ್ಮ ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಹಬ್ಬದ ದಿನಗಳಲ್ಲಿ ಯಾರ ಹಣ ಬಂತು, ಯಾರ ಪಾರ್ಸೆಲ್ ಹೋಯಿತು, ಇನ್ನೆಷ್ಟು ಜಾಡಿ ಉಳಿದಿದೆ ಎಂಬುದು ಯಾರಿಗೂ ಖಚಿತವಾಗಿ ತಿಳಿಯದಂತಾಗುತ್ತದೆ.

ಸಂಘಕ್ಕೆ ನಾನೇ ಒಂದು ಅಂತರ್ಜಾಲ ಮಳಿಗೆಯನ್ನು ಕಟ್ಟಿಕೊಡಬೇಕೆಂದಿದ್ದೇನೆ. ಕಾಲೇಜಿನಲ್ಲಿ ಸಿ, ಜಾವಾ ಮತ್ತು ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯುಎಲ್ ಸ್ವಲ್ಪ ಓದಿದ್ದೇನೆ. ವಿಡಿಯೊ ಪಾಠಗಳನ್ನು ನೋಡಿದರೆ ಒಬ್ಬರು ಪರದೆ ಕಟ್ಟುವ ರಿಯಾಕ್ಟ್‌ನಿಂದ ಆರಂಭಿಸಿ ಎನ್ನುತ್ತಾರೆ, ಇನ್ನೊಬ್ಬರು ಸರ್ವರ್ ಬದಿಯ ನೋಡ್ ಎನ್ನುತ್ತಾರೆ, ಮತ್ತೊಬ್ಬರು ಏನನ್ನೂ ಬರೆಯದೆ ಸಿದ್ಧ ತಂತ್ರಾಂಶವನ್ನೇ ಹಾಕಿಕೊಳ್ಳಿ ಎನ್ನುತ್ತಾರೆ. ಈ ಕೆಲಸವನ್ನು ಬಲ್ಲವರು ಕಲಿಕೆಯ ಕ್ರಮವನ್ನು ತಿಳಿಸಿಕೊಡಬೇಕೆಂದು ವಿನಂತಿ.

ವೆಬ್ ಡೆವಲಪರ್, ಶಿರಸಿ

ಯಾರ ಹಣ ಬಂತು, ಯಾರ ಪಾರ್ಸೆಲ್ ಹೋಯಿತು, ಎಷ್ಟು ಜಾಡಿ ಉಳಿದಿದೆ ಎಂದು ನೀವು ಬರೆದಿದ್ದೀರಲ್ಲ, ಇ-ಕಾಮರ್ಸ್ ಪ್ರೋಗ್ರಾಮಿಂಗ್ ಎಂದರೆ ಬಹುಪಾಲು ಈ ಮೂರು ಪ್ರಶ್ನೆಗಳಿಗೆ ಯಾವ ಕ್ಷಣದಲ್ಲಿ ಕೇಳಿದರೂ ಸರಿಯಾದ ಉತ್ತರ ಸಿಗುವಂತೆ ಮಾಡುವ ವಿದ್ಯೆ. ಪರದೆಯ ಅಂದಚಂದ ಆಮೇಲಿನ ಮಾತು. ಯಾವ ಫ್ರೇಮ್‌ವರ್ಕ್ (ಪ್ರೋಗ್ರಾಮಿನ ಸಿದ್ಧ ಚೌಕಟ್ಟು) ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಒಂದು ಆರ್ಡರ್ ಹುಟ್ಟಿದಲ್ಲಿಂದ ಗಿರಾಕಿಯ ಮನೆ ಸೇರುವವರೆಗೆ ಯಾವ ಯಾವ ಸ್ಥಿತಿಗಳನ್ನು ದಾಟುತ್ತದೆ ಎಂಬುದನ್ನು ದೊಡ್ಡಮ್ಮನವರ ಜೊತೆ ಕುಳಿತು ಹಾಳೆಯ ಮೇಲೆ ಬರೆಯಿರಿ. ಹಣ ಬಾಕಿ, ಹಣ ಸಂದಾಯ, ಪ್ಯಾಕ್ ಆಗಿದೆ, ಅಂಚೆಗೆ ಕೊಟ್ಟಿದೆ, ತಲುಪಿದೆ ಎಂಬಿಷ್ಟು ಎಲ್ಲರಿಗೂ ಹೊಳೆಯುತ್ತದೆ. ಹಣ ಬಂದಿದೆ ಆದರೆ ಮಾಲು ಮುಗಿದಿದೆ, ಪಾರ್ಸೆಲ್ ಹಿಂದಿರುಗಿದೆ, ಅರ್ಧ ಆರ್ಡರ್ ಮಾತ್ರ ಕಳುಹಿಸಿದೆ ಎಂಬ ಸ್ಥಿತಿಗಳನ್ನು ದಿನನಿತ್ಯ ಆ ಕೆಲಸ ಮಾಡುವವರು ಮಾತ್ರ ಹೇಳಬಲ್ಲರು.

ಅನಂತರ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯನ್ನು ಕಲಿಯಿರಿ. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಮುಂದಿನ ಕೋರಿಕೆ ಬಂದಾಗ ಇದು ಅದೇ ಗಿರಾಕಿಯದ್ದೆಂಬ ನೆನಪು ಸರ್ವರ್‌ಗೆ ಇರುವುದಿಲ್ಲ. ಬುಟ್ಟಿಗೆ ಹಾಕಿದ ಉಪ್ಪಿನಕಾಯಿ ಮುಂದಿನ ಪುಟದಲ್ಲಿಯೂ ಬುಟ್ಟಿಯಲ್ಲಿಯೇ ಇರಬೇಕಾದರೆ ಏನು ಮಾಡಬೇಕು? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲಿ ಅವರು ಬ್ರೌಸರ್ ಇಟ್ಟುಕೊಳ್ಳುವ ಚಿಕ್ಕ ಗುರುತುಚೀಟಿಯಾದ ಕುಕಿಯನ್ನು ರೂಪಿಸಿದಾಗ ಅವರ ಮುಂದಿದ್ದದ್ದು ಇಂಥದೇ ಖರೀದಿ ಬುಟ್ಟಿಯ ಸಮಸ್ಯೆ. ಕುಕಿ, ಸೆಷನ್ (ಗಿರಾಕಿಯ ಭೇಟಿಯ ನೆನಪು), ಗೆಟ್ (ಪುಟ ಕೇಳುವುದು) ಮತ್ತು ಪೋಸ್ಟ್ (ವಿವರ ಕಳುಹಿಸುವುದು) ಇವುಗಳ ವ್ಯತ್ಯಾಸ, ಸರ್ವರ್ ಉತ್ತರದ ಸ್ಥಿತಿ ಸಂಖ್ಯೆಗಳು, ಪೋಸ್ಟ್ ಆದ ಮೇಲೆ ಬೇರೆ ಪುಟಕ್ಕೆ ಏಕೆ ಕಳುಹಿಸಬೇಕು ಎಂಬುದು, ಇವಿಷ್ಟನ್ನು ಬ್ರೌಸರ್‌ನ ನೆಟ್‌ವರ್ಕ್ ಕಿಟಕಿಯನ್ನು ತೆರೆದಿಟ್ಟುಕೊಂಡು ಕಣ್ಣಾರೆ ನೋಡಿ ಕಲಿತರೆ ಮುಂದೆ ಯಾವ ಫ್ರೇಮ್‌ವರ್ಕ್ ಹಿಡಿದರೂ ಅದು ನಿಮಗೆ ಮಂತ್ರದಂತೆ ಕಾಣುವುದಿಲ್ಲ.

ಮೂರನೆಯದಾಗಿ ಡೇಟಾಬೇಸ್, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸಮಯ ಸಲ್ಲಬೇಕಾದ ಭಾಗ. ಸರಕು ಬೇರೆ, ಅದರ ಅಳತೆ ಬೇರೆ: ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಸರಕಾದರೆ, ಅರ್ಧ ಕಿಲೋ ಮತ್ತು ಒಂದು ಕಿಲೋ ಜಾಡಿಗಳು ತಮ್ಮದೇ ಬೆಲೆ ಮತ್ತು ದಾಸ್ತಾನು ಇರುವ ಎರಡು ಸಾಲುಗಳು. ನಮ್ಮ ಕಡೆಯ ಅಡಿಕೆಯನ್ನು ಮಾರಲು ಹೊರಟವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂಬ ದರ್ಜೆಗಳನ್ನು ಒಂದೇ ಸರಕಿನ ಹೆಸರಿನಲ್ಲಿ ತುರುಕಿದರೆ ಲೆಕ್ಕ ಮೊದಲ ವಾರವೇ ಕೆಡುತ್ತದೆ. ಆರ್ಡರ್‌ನ ಪ್ರತಿ ಸಾಲಿನಲ್ಲಿಯೂ ಆ ದಿನದ ಬೆಲೆಯನ್ನು ನಕಲು ಮಾಡಿಡಬೇಕು. ಇಲ್ಲವಾದರೆ ನಾಳೆ ಬೆಲೆ ಏರಿಸಿದಾಗ ಹಳೆಯ ಬಿಲ್ಲುಗಳೆಲ್ಲ ತಾವಾಗಿ ಬದಲಾಗುತ್ತವೆ. ವಿಳಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಣವನ್ನು ದಶಮಾಂಶದ ಫ್ಲೋಟ್ ರೂಪದಲ್ಲಿ ಎಂದಿಗೂ ಇಡಬೇಡಿ, ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ರೂಪಾಯಿಗೆ ತಿರುಗಿಸಿ.

ಇನ್ನು ದಾಸ್ತಾನು. ಒಂದೇ ಜಾಡಿ ಉಳಿದಿರುವಾಗ ಇಬ್ಬರು ಒಂದೇ ಕ್ಷಣದಲ್ಲಿ ಖರೀದಿ ಬಟನ್ ಒತ್ತಿದರೆ ಏನಾಗುತ್ತದೆಂದು ಯೋಚಿಸಿ. ಪ್ರೋಗ್ರಾಮ್ ಮೊದಲು ಎಷ್ಟಿದೆ ಎಂದು ಓದಿ, ಆಮೇಲೆ ಒಂದು ಕಳೆದು ಬರೆಯುವಂತಿದ್ದರೆ, ಇಬ್ಬರಿಗೂ ಒಂದು ಎಂದೇ ಓದಿಬರುತ್ತದೆ ಮತ್ತು ಇಬ್ಬರಿಗೂ ಮಾರಾಟವಾಗುತ್ತದೆ. ಓದುವುದನ್ನೂ ಕಳೆಯುವುದನ್ನೂ ಬೇರ್ಪಡಿಸದೆ, ದಾಸ್ತಾನು ಒಂದು ಅಥವಾ ಹೆಚ್ಚಿದ್ದರೆ ಮಾತ್ರ ಒಂದನ್ನು ಕಳೆ ಎಂದು ಒಂದೇ ಅಪ್‌ಡೇಟ್ ಆದೇಶದಲ್ಲಿ ಬರೆದು, ಎಷ್ಟು ಸಾಲು ಬದಲಾಯಿತು ಎಂಬುದನ್ನು ನೋಡಬೇಕು. ಸೊನ್ನೆ ಸಾಲು ಎಂದಾದರೆ ಮಾಲು ಮುಗಿದಿದೆ ಎಂದು ಅರ್ಥ. ಆರ್ಡರ್ ಬರೆಯುವುದು ಮತ್ತು ದಾಸ್ತಾನು ಕಳೆಯುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು, ಅಂದರೆ ಆಗುವುದಿದ್ದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಇದನ್ನು ಎರಡು ಬ್ರೌಸರ್ ಕಿಟಕಿಗಳನ್ನಿಟ್ಟುಕೊಂಡು ಸ್ವತಃ ಕೆಡಿಸಿ, ಸ್ವತಃ ಸರಿಪಡಿಸಿ ನೋಡಿದವರು ಮತ್ತೆ ಮರೆಯುವುದಿಲ್ಲ.

ಉಪನ್ಯಾಸಕಿ, ಕುಮಟಾ

ಶಿರಸಿಯವರು ಹೇಳಿದ ತಿರುಳನ್ನು ಒಪ್ಪುತ್ತೇನೆ, ಕ್ರಮದ ವಿಷಯದಲ್ಲಿ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಹಲವು ವರ್ಷಗಳಿಂದ ಪದವಿ ತರಗತಿಗಳಿಗೆ ಪಾಠ ಮಾಡುತ್ತಿರುವ ಅನುಭವದಲ್ಲಿ ಹೇಳುವುದಾದರೆ, ಕಣ್ಣಿಗೆ ಏನೂ ಕಾಣದೆ ಡೇಟಾಬೇಸ್‌ನಲ್ಲಿಯೇ ಮುಳುಗಿದ ವಿದ್ಯಾರ್ಥಿಗಳು ಉತ್ಸಾಹ ಕಳೆದುಕೊಳ್ಳುತ್ತಾರೆ. ಮೊದಲು ಒಂದು ಎಚ್‌ಟಿಎಂಎಲ್ ಫಾರಂ ಬರೆದು, ಅದು ಕಳುಹಿಸಿದ್ದನ್ನು ಸರ್ವರ್ ಬದಿಯಲ್ಲಿ ಹಿಡಿದು, ಒಂದು ಟೇಬಲ್‌ಗೆ ಸೇರಿಸಿ, ಮತ್ತೆ ಪುಟದಲ್ಲಿ ತೋರಿಸುವಷ್ಟನ್ನು ಮಾಡಲಿ. ಇಡೀ ವೃತ್ತ ಒಮ್ಮೆ ಪೂರ್ಣವಾದರೆ, ಟ್ರಾನ್ಸಾಕ್ಷನ್ ಏಕೆ ಬೇಕೆಂಬ ಪ್ರಶ್ನೆ ಅವರಲ್ಲಿಯೇ ಹುಟ್ಟುತ್ತದೆ.

ಭಾಷೆಯ ಆಯ್ಕೆಗೆ ಹೆದರಬೇಕಾಗಿಲ್ಲ. ಪಿಎಚ್‌ಪಿ 1995ರಿಂದಲೂ ಬಳಕೆಯಲ್ಲಿದೆ ಮತ್ತು ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲೂ ನಡೆಯುತ್ತದೆ. ಪೈಥಾನ್ ಬಲ್ಲವರಿಗೆ 2005ರಲ್ಲಿ ಬಿಡುಗಡೆಯಾದ ಜಾಂಗೋ ಫ್ರೇಮ್‌ವರ್ಕ್ ಇದೆ, ಅದರಲ್ಲಿ ಆಡಳಿತ ಪುಟಗಳು ಸಿದ್ಧವಾಗಿಯೇ ಬರುವುದರಿಂದ ದೊಡ್ಡಮ್ಮನವರು ಆರ್ಡರ್‌ಗಳನ್ನು ನೋಡುವ ಪರದೆಯನ್ನು ನೀವು ಬೇರೆಯಾಗಿ ಬರೆಯಬೇಕಾಗಿಲ್ಲ. ಜಾವಾಸ್ಕ್ರಿಪ್ಟ್ ಹೇಗೂ ಕಲಿಯಲೇಬೇಕು, ಆದರೆ ರಿಯಾಕ್ಟ್‌ಗಿಂತ ಮೊದಲು ಬರಿಯ ಜಾವಾಸ್ಕ್ರಿಪ್ಟ್. ಉಚಿತ ಪಾಠಗಳಿಗೆ ಎಂಡಿಎನ್ ಜಾಲತಾಣ ನನ್ನ ಮೊದಲ ಆಯ್ಕೆ, ಅಭ್ಯಾಸಕ್ಕೆ ಫ್ರೀಕೋಡ್‌ಕ್ಯಾಂಪ್ ಒಳ್ಳೆಯದು. ಇಂಗ್ಲಿಷ್ ವಿವರಣೆ ಕಷ್ಟವೆನಿಸುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯಿರುವ ಪಾಠಗಳೂ ಸಿಗುತ್ತವೆ. ಪ್ರೋಗ್ರಾಮಿನ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಅನ್ನು ಮೊದಲ ದಿನದಿಂದಲೇ ಬಳಸಲು ಕಲಿಯಿರಿ, ಏಕೆಂದರೆ ನಡೆಯುತ್ತಿದ್ದ ಪ್ರೋಗ್ರಾಮ್ ನಿಂತುಹೋದಾಗ ನಿನ್ನೆಯ ಸ್ಥಿತಿಗೆ ಮರಳುವ ದಾರಿ ಇರಬೇಕು.

ಗೋಡಂಬಿ ವ್ಯಾಪಾರಿ, ಹೊನ್ನಾವರ

ನನ್ನದು ವ್ಯಾಪಾರಿಯ ದೃಷ್ಟಿ. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಮತ್ತು ಅದರ ಮೇಲೆ 2011ರಿಂದ ಲಭ್ಯವಿರುವ ಮಳಿಗೆ ತಂತ್ರಾಂಶ ವೂಕಾಮರ್ಸ್ ಹಾಕಿಕೊಂಡು ನಾನು ಗೋಡಂಬಿ ಮಾರುತ್ತಿದ್ದೇನೆ. ದಾಸ್ತಾನು, ಕೂಪನ್, ತೆರಿಗೆ, ಅಂಚೆ ವೆಚ್ಚ ಎಲ್ಲವೂ ಅದರಲ್ಲಿ ಇವೆ. ಸಂಘದ ಮಹಿಳೆಯರಿಗೆ ಬೇಕಾಗಿರುವುದು ಮಾರಾಟ. ಒಬ್ಬ ವಿದ್ಯಾರ್ಥಿನಿ ಎಲ್ಲವನ್ನೂ ಕಲಿತು, ಬರೆದು, ತಿದ್ದುವವರೆಗೆ ಈ ವರ್ಷದ ಮಿಡಿಮಾವಿನ ಕಾಲ ಮುಗಿದಿರುತ್ತದೆ. ಜೊತೆಗೆ, ನಾಳೆ ಆಕೆಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ ಆ ಪ್ರೋಗ್ರಾಮನ್ನು ನೋಡಿಕೊಳ್ಳುವವರು ಯಾರು? ಸಿದ್ಧ ತಂತ್ರಾಂಶವಾದರೆ ಅದನ್ನು ಬಲ್ಲವರು ಪ್ರತಿ ಪೇಟೆಯಲ್ಲಿಯೂ ಸಿಗುತ್ತಾರೆ. ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ವೆಬ್ ಡೆವಲಪರ್, ಶಿರಸಿ

ಹೊನ್ನಾವರದವರ ಪ್ರಶ್ನೆ ನ್ಯಾಯವಾದದ್ದು. ಸಂಘದ ಹಿತ ಮತ್ತು ಕಲಿಯುವವರ ಹಿತ ಇಲ್ಲಿ ಎರಡು ಬೇರೆ ವಿಷಯಗಳು. ಸಂಘಕ್ಕೆ ಸಿದ್ಧ ತಂತ್ರಾಂಶವನ್ನೇ ಹಾಕಿಕೊಡಿ ಎಂದು ನಾನೂ ಹೇಳುತ್ತೇನೆ. ಅದರ ಪಕ್ಕದಲ್ಲಿ, ಅದೇ ಸರಕುಗಳ ಪಟ್ಟಿಯನ್ನು ಇಟ್ಟುಕೊಂಡು, ಕಲಿಕೆಗಾಗಿ ಒಂದು ಚಿಕ್ಕ ಮಳಿಗೆಯನ್ನು ಕೈಯಾರೆ ಬರೆಯಿರಿ. ಕೈಯಾರೆ ಬರೆದವರು ಮಾತ್ರ ಸಿದ್ಧ ತಂತ್ರಾಂಶ ಕೈಕೊಟ್ಟ ದಿನ ಯಾವ ಟೇಬಲ್‌ನಲ್ಲಿ ನೋಡಬೇಕೆಂದು ತಿಳಿಯಬಲ್ಲರು. ಪ್ಲಗಿನ್‌ಗಳನ್ನು (ಹೆಚ್ಚುವರಿ ಸೌಲಭ್ಯದ ತುಣುಕುಗಳನ್ನು) ಒಂದರ ಮೇಲೊಂದು ಹೇರಿ, ಯಾವುದು ಏನು ಮಾಡುತ್ತಿದೆ ಎಂಬುದು ಯಾರಿಗೂ ತಿಳಿಯದ ಮಳಿಗೆಗಳನ್ನು ದುರಸ್ತಿ ಮಾಡುವುದೇ ನನ್ನ ವೃತ್ತಿಯ ದೊಡ್ಡ ಭಾಗವಾಗಿದೆ.

ಭದ್ರತೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಬ್ರೌಸರ್‌ನಿಂದ ಬಂದ ಯಾವುದನ್ನೂ ನಂಬಬಾರದು. ಬೆಲೆಯನ್ನು ಫಾರಂನ ಮರೆಯಾದ ಅಂಕಣದಲ್ಲಿಟ್ಟು ಅದನ್ನೇ ಬಿಲ್ಲಿಗೆ ಬಳಸಿದರೆ, ಯಾರು ಬೇಕಾದರೂ ಅದನ್ನು ಒಂದು ರೂಪಾಯಿಗೆ ತಿದ್ದಿ ಕಳುಹಿಸಬಹುದು. ಬ್ರೌಸರ್‌ನಿಂದ ಸರಕಿನ ಗುರುತು ಮತ್ತು ಪ್ರಮಾಣ ಮಾತ್ರ ಬರಲಿ, ಬೆಲೆಯನ್ನು ಸರ್ವರ್ ತನ್ನ ಟೇಬಲ್‌ನಿಂದ ತೆಗೆಯಲಿ. ಗಿರಾಕಿ ಬರೆದ ಪದಗಳನ್ನು ಎಸ್‌ಕ್ಯುಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸದೆ ಪ್ಯಾರಾಮೀಟರ್ ಮೂಲಕವೇ ಕೊಡಬೇಕು. ಗುಪ್ತಪದಗಳನ್ನು ಬಿಕ್ರಿಪ್ಟ್ ಅಥವಾ ಆರ್ಗಾನ್2 ಮೂಲಕ ಹ್ಯಾಶ್ ಮಾಡಿ (ಮರಳಿ ಓದಲಾಗದ ರೂಪಕ್ಕೆ ತಿರುಗಿಸಿ) ಇಡಬೇಕು. ಸಂಪರ್ಕವನ್ನು ಗುಪ್ತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಈಗ ಹಣ ಕೊಡಬೇಕಾಗಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ. ಅದು ತಾನಾಗಿಯೇ ನವೀಕರಣವಾಗುವಂತೆ ಹೊಂದಿಸಿಡಿ.

ಬಿಸಿಎ ಪದವೀಧರೆ, ಸಿದ್ದಾಪುರ

ಇಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಕೃತಜ್ಞಳು. ಹಣ ಪಾವತಿಯ ಭಾಗ ನನಗೆ ಇನ್ನೂ ಅಸ್ಪಷ್ಟವಾಗಿದೆ. ಈಗ ಗಿರಾಕಿಗಳು ಯುಪಿಐ ಮೂಲಕ ಹಣ ಹಾಕಿ ಸ್ಕ್ರೀನ್‌ಶಾಟ್ ಕಳುಹಿಸುತ್ತಾರೆ. ಮಳಿಗೆಯಲ್ಲಿಯೂ ಕ್ಯುಆರ್ ಚಿತ್ರವನ್ನು ತೋರಿಸಿ ಸ್ಕ್ರೀನ್‌ಶಾಟ್ ಪಡೆದರೆ ಸಾಲದೇ? ಗೇಟ್‌ವೇ (ಗಿರಾಕಿಯಿಂದ ಹಣ ಪಡೆದುಕೊಡುವ ಸೇವೆ) ಬಳಸಿದರೆ, ಹಣ ಸಂದಾಯವಾಯಿತು ಎಂದು ಗಿರಾಕಿಯ ಬ್ರೌಸರ್ ನಮ್ಮ ಪುಟಕ್ಕೆ ಮರಳಿದಾಗ ಆರ್ಡರನ್ನು ಖಚಿತಪಡಿಸಿದರೆ ಆಗುತ್ತದೆಯೇ?

ಪಾವತಿ ತಂತ್ರಾಂಶ ಕ್ಷೇತ್ರದವರು, ಕಾರವಾರ

ಎರಡೂ ಸಾಲದು. ಸ್ಕ್ರೀನ್‌ಶಾಟ್ ಎಂಬುದು ಚಿತ್ರ ಮಾತ್ರ, ಅದನ್ನು ಯಾರು ಬೇಕಾದರೂ ತಯಾರಿಸಬಹುದು. ಬ್ರೌಸರ್ ಮರಳಿ ಬರುವುದನ್ನೂ ನೆಚ್ಚಿಕೊಳ್ಳಲಾಗದು: ಹಣ ಕಡಿತವಾದ ಮರುಕ್ಷಣ ಗಿರಾಕಿಯ ಮೊಬೈಲ್ ಸಿಗ್ನಲ್ ಹೋಗಬಹುದು, ಬ್ಯಾಟರಿ ಮುಗಿಯಬಹುದು, ಅಥವಾ ಆಕೆ ಕಿಟಕಿಯನ್ನು ಮುಚ್ಚಿಬಿಡಬಹುದು. ಆದ್ದರಿಂದ ಗೇಟ್‌ವೇಗಳು ವೆಬ್‌ಹುಕ್ ಎಂಬ ವ್ಯವಸ್ಥೆಯನ್ನು ಇಟ್ಟಿವೆ. ಪಾವತಿಯ ಸ್ಥಿತಿ ಬದಲಾದಾಗ ಗೇಟ್‌ವೇಯ ಸರ್ವರ್ ನಿಮ್ಮ ಸರ್ವರ್‌ಗೆ ನೇರವಾಗಿ ಸುದ್ದಿ ಕಳುಹಿಸುತ್ತದೆ. ಆ ಸುದ್ದಿ ನಿಜವಾಗಿಯೂ ಗೇಟ್‌ವೇಯಿಂದಲೇ ಬಂದಿದೆ ಎಂಬುದಕ್ಕೆ ಅದರ ಜೊತೆ ಒಂದು ಸಹಿ ಇರುತ್ತದೆ. ನಿಮ್ಮ ಬಳಿ ಇರುವ ರಹಸ್ಯ ಕೀಲಿಯಿಂದ ಅದೇ ಸಹಿಯನ್ನು ಲೆಕ್ಕಹಾಕಿ ಎರಡೂ ಹೊಂದಿದರೆ ಮಾತ್ರ ಮುಂದುವರಿಯಬೇಕು.

ಇಲ್ಲಿ ಹೊಸಬರು ಅವಶ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಒಂದೇ ವೆಬ್‌ಹುಕ್ ಎರಡು ಬಾರಿ ಬರಬಹುದು, ತಡವಾಗಿ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಬಂದಾಗಲೆಲ್ಲ ದಾಸ್ತಾನಿನಿಂದ ಒಂದನ್ನು ಕಳೆಯುವಂತೆ ಬರೆದಿದ್ದರೆ ಒಂದು ಮಾರಾಟಕ್ಕೆ ಎರಡು ಜಾಡಿ ಕಡಿಮೆಯಾಗುತ್ತದೆ. ಪಾವತಿಯ ಗುರುತು ಸಂಖ್ಯೆಗೆ ಡೇಟಾಬೇಸ್‌ನಲ್ಲಿ ಯುನೀಕ್ ನಿರ್ಬಂಧ ಹಾಕಿ, ಅದೇ ಸಂಖ್ಯೆ ಮತ್ತೆ ಬಂದರೆ ಬಂದಿದೆ ಎಂದು ಉತ್ತರಿಸಿ ಸುಮ್ಮನಾಗುವಂತೆ ಬರೆಯಬೇಕು. ವೆಬ್‌ಹುಕ್ ಬಾರದೆಯೇ ಹೋದ ಸಂದರ್ಭಕ್ಕಾಗಿ, ಹಣ ಬಾಕಿ ಎಂದಿರುವ ಹಳೆಯ ಆರ್ಡರ್‌ಗಳ ಸ್ಥಿತಿಯನ್ನು ಆಗಾಗ ಗೇಟ್‌ವೇಯನ್ನು ಕೇಳಿ ತಿಳಿಯುವ ಒಂದು ಚಿಕ್ಕ ಪ್ರೋಗ್ರಾಮ್ ಕೂಡ ಬೇಕು.

ಹಣದ ದಾಖಲೆಯನ್ನು ಸಹಕಾರಿ ಸಂಘದ ಕಿರ್ದಿಯಂತೆ ಇಡಿ. ಕಿರ್ದಿಯಲ್ಲಿ ಬರೆದದ್ದನ್ನು ಅಳಿಸುವುದಿಲ್ಲ, ತಪ್ಪಾದರೆ ಅದನ್ನು ಸರಿದೂಗಿಸುವ ಹೊಸ ನಮೂದನ್ನು ಬರೆಯುತ್ತಾರೆ. ಮರುಪಾವತಿ ಮಾಡಿದಾಗ ಹಳೆಯ ಸಾಲನ್ನು ತಿದ್ದದೆ, ಮರುಪಾವತಿ ಎಂಬ ಹೊಸ ಸಾಲನ್ನು ಸೇರಿಸಿ. ವರ್ಷದ ಕೊನೆಯಲ್ಲಿ ಬ್ಯಾಂಕಿನ ಪಟ್ಟಿಗೂ ನಿಮ್ಮ ಪಟ್ಟಿಗೂ ತಾಳೆ ನೋಡುವಾಗ ಇದರ ಬೆಲೆ ತಿಳಿಯುತ್ತದೆ.

ಕಾರ್ಡ್ ಸಂಖ್ಯೆಗಳನ್ನು ನಿಮ್ಮ ಸರ್ವರ್‌ನಲ್ಲಿ ಇಡುವ ಯೋಚನೆಯನ್ನೇ ಮಾಡಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡಿನ ಪೂರ್ಣ ವಿವರವನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಎಂಬ ಬದಲಿ ಸಂಕೇತ ಬಳಕೆಯಾಗುತ್ತದೆ. ಗೇಟ್‌ವೇಗಳಲ್ಲಿ ಪರೀಕ್ಷಾ ವಿಧಾನವಿದ್ದು, ನಿಜವಾದ ಹಣವಿಲ್ಲದೆಯೇ ಯಶಸ್ಸು ಮತ್ತು ವೈಫಲ್ಯ ಎರಡನ್ನೂ ಅಭ್ಯಾಸ ಮಾಡಬಹುದು. ವೈಫಲ್ಯದ ದಾರಿಗಳನ್ನೇ ಹೆಚ್ಚು ಪರೀಕ್ಷಿಸಿ.

ಬಿಸಿಎ ಪದವೀಧರೆ, ಸಿದ್ದಾಪುರ

ಹಾಗಾದರೆ ದಾಸ್ತಾನನ್ನು ಯಾವಾಗ ಕಳೆಯಬೇಕು? ಆರ್ಡರ್ ಬರೆದಾಗಲೇ ಕಳೆದರೆ, ಹಣ ಕೊಡದೆ ಹೋದವರ ಜಾಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಹಣ ಬಂದ ಮೇಲೆ ಕಳೆದರೆ, ಹಣ ಕೊಟ್ಟವರಿಗೆ ಮಾಲು ಇಲ್ಲದೆ ಹೋಗಬಹುದು.

ಪಾವತಿ ತಂತ್ರಾಂಶ ಕ್ಷೇತ್ರದವರು, ಕಾರವಾರ

ಪಾವತಿ ಆರಂಭವಾದಾಗ ಒಂದು ಅವಧಿಗೆ ಕಾಯ್ದಿರಿಸಿ, ಅವಧಿ ಮುಗಿದರೂ ಹಣ ಬಾರದಿದ್ದರೆ ಬಿಡುಗಡೆ ಮಾಡಿ. ಹದಿನೈದು ನಿಮಿಷ ಇಟ್ಟುಕೊಳ್ಳಬಹುದು. ಬಿಡುಗಡೆಯಾದ ಮೇಲೆ ತಡವಾಗಿ ಹಣ ಬಂದು, ಅಷ್ಟರಲ್ಲಿ ಮಾಲು ಮುಗಿದಿದ್ದರೆ, ಅದು ಶಿರಸಿಯವರು ಹಾಳೆಯ ಮೇಲೆ ಬರೆಯಲು ಹೇಳಿದ ಸ್ಥಿತಿಗಳಲ್ಲಿ ಒಂದು. ಅಲ್ಲಿ ಮರುಪಾವತಿಯೋ, ಮುಂದಿನ ತಯಾರಿಗೆ ಕಾಯುವುದೋ ಎಂದು ಗಿರಾಕಿಯನ್ನೇ ಕೇಳಬೇಕು. ಇದನ್ನು ಪ್ರೋಗ್ರಾಮ್ ತೀರ್ಮಾನಿಸಬಾರದು.

ತೆರಿಗೆ ಸಲಹೆಗಾರರ ಕಚೇರಿಯವರು, ಅಂಕೋಲಾ

ಪ್ರೋಗ್ರಾಮ್ ಬರೆಯುವವರು ಕಾನೂನನ್ನು ಕೊನೆಯಲ್ಲಿ ಅಂಟಿಸುವ ಸಂಗತಿಯೆಂದು ತಿಳಿಯುತ್ತಾರೆ. ಆದರೆ ಅದು ಟೇಬಲ್‌ಗಳ ವಿನ್ಯಾಸದಲ್ಲಿಯೇ ಇರಬೇಕಾದದ್ದು. ಕರ್ನಾಟಕದೊಳಗಿನ ಮಾರಾಟಕ್ಕೆ ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ ಸಮಪಾಲಾಗಿ ಬರುತ್ತದೆ, ಹೊರರಾಜ್ಯಕ್ಕಾದರೆ ಐಜಿಎಸ್‌ಟಿ (ಸಂಯೋಜಿತ ಜಿಎಸ್‌ಟಿ). ಕಾರವಾರದಿಂದ ಬೀದರಿಗೆ ಕಳುಹಿಸಿದ್ದು ರಾಜ್ಯದೊಳಗಿನ ವ್ಯವಹಾರ, ಕೂಗಳತೆಯಲ್ಲಿರುವ ಗೋವಾದ ಕಾಣಕೋಣಕ್ಕೆ ಕಳುಹಿಸಿದ್ದು ಅಂತರರಾಜ್ಯ ವ್ಯವಹಾರ. ಆದ್ದರಿಂದ ವಿಳಾಸದಲ್ಲಿ ರಾಜ್ಯದ ಅಂಕಣವನ್ನು ಗಿರಾಕಿ ತನಗೆ ತೋಚಿದಂತೆ ಬರೆಯಲು ಬಿಡದೆ, ಪಟ್ಟಿಯಿಂದ ಆರಿಸುವಂತೆ ಮಾಡಿ. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವೆಂಬುದನ್ನು ಸಂಘಕ್ಕೆ ಮೊದಲೇ ತಿಳಿಸಿ.

ತೆರಿಗೆಯ ದರವನ್ನು ಪ್ರೋಗ್ರಾಮಿನೊಳಗೆ ಅಂಕಿಯಾಗಿ ಬರೆದಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ದರ ಒಮ್ಮೆಲೇ ಬದಲಾಯಿತು. ದರ ಮತ್ತು ಅದು ಜಾರಿಗೆ ಬಂದ ದಿನಾಂಕವಿರುವ ಪ್ರತ್ಯೇಕ ಟೇಬಲ್ ಇದ್ದರೆ ಒಂದು ಸಾಲು ಸೇರಿಸಿದರೆ ಸಾಕು, ಹಳೆಯ ಬಿಲ್ಲುಗಳು ಹಳೆಯ ದರದಲ್ಲಿಯೇ ಉಳಿಯುತ್ತವೆ.

ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆ 14 ಅಂಕಿಯ ಸಂಖ್ಯೆಯನ್ನು ಮಳಿಗೆಯಲ್ಲಿಯೂ ತೋರಿಸಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ, ಸಂಪರ್ಕ, ದೂರು ಅಧಿಕಾರಿಯ ವಿವರ ಪುಟದಲ್ಲಿ ಇರಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ಕೊಡಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕಗಳ ಮೂಲಕ ಗಿರಾಕಿಯ ಒಪ್ಪಿಗೆ ಪಡೆಯುವಂತಿಲ್ಲ. ಎರಡೇ ಜಾಡಿ ಉಳಿದಿದೆ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ಸೇರಿಸುವುದು ಇವೆಲ್ಲ 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗಿರಾಕಿಯ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ನಿಷಿದ್ಧವಾಗಿವೆ. ಬೇರೆ ಮಳಿಗೆಗಳಲ್ಲಿ ಕಂಡಿದ್ದನ್ನೆಲ್ಲ ಅನುಕರಿಸಬೇಡಿ.

ಕೃಷಿಕ, ಜೋಯಿಡಾ

ನಾನು ಪ್ರೋಗ್ರಾಮ್ ಬರೆಯುವವನಲ್ಲ, ಖರೀದಿಸುವವನು. ನಮ್ಮಂಥ ಕಾಡಿನ ಊರುಗಳಲ್ಲಿ ಅನೇಕ ಮನೆಗಳಿಗೆ ಫೈಬರ್ ಸಂಪರ್ಕ ಬಂದಿದೆ, ಆದರೆ ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮನೆಯಲ್ಲಿ ಕುಳಿತು ಪುಟ ತೆರೆಯುತ್ತೇವೆ, ಲಾಗಿನ್ ಆಗಲು ಒಟಿಪಿ ಬೇಕೆನ್ನುತ್ತದೆ, ಒಟಿಪಿಗಾಗಿ ಗುಡ್ಡ ಹತ್ತಬೇಕು, ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ದಯವಿಟ್ಟು ಇಮೇಲ್ ಮೂಲಕವಾದರೂ ಒಳಬರುವ ದಾರಿ ಇಡಿ. ಸಾಧ್ಯವಿದ್ದರೆ ಲಾಗಿನ್ ಇಲ್ಲದೆಯೇ ಖರೀದಿಸಲು ಬಿಡಿ. ವಿಳಾಸ ತುಂಬಿ ಮುಗಿಸುವ ಹೊತ್ತಿಗೆ ವಿದ್ಯುತ್ ಹೋಗಿ ಎಲ್ಲವೂ ಅಳಿಸಿಹೋದರೆ ಎರಡನೆಯ ಬಾರಿ ತುಂಬುವ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಮೂರು ದಿನಗಳಲ್ಲಿ ತಲುಪುತ್ತದೆ ಎಂದು ಬರೆಯಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತೆಂಬುದು ಉತ್ತರ ಕನ್ನಡ ಜಿಲ್ಲೆಯವರೆಲ್ಲರಿಗೂ ಗೊತ್ತು. ತಡವಾಗುತ್ತದೆ ಎಂದು ಮೊದಲೇ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ.

ಉಪನ್ಯಾಸಕಿ, ಕುಮಟಾ

ಜೋಯಿಡಾದವರು ಹೇಳಿದ್ದು ನನ್ನ ವಿದ್ಯಾರ್ಥಿಗಳೆಲ್ಲ ಓದಬೇಕಾದ ಮಾತು. ಪುಟವನ್ನು ಸರ್ವರ್‌ನಲ್ಲಿಯೇ ಎಚ್‌ಟಿಎಂಎಲ್ ಆಗಿ ಸಿದ್ಧಪಡಿಸಿ ಕಳುಹಿಸಿದರೆ, ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯದಿದ್ದರೂ ಸರಕು ಮತ್ತು ಬೆಲೆ ಕಾಣುತ್ತವೆ. ಚಿತ್ರಗಳನ್ನು ಕಡಿಮೆ ಗಾತ್ರದ ವೆಬ್‌ಪಿ ರೂಪಕ್ಕೆ ತಂದು, ಮೊಬೈಲ್ ಪರದೆಗೆ ಬೇಕಾದಷ್ಟೇ ಗಾತ್ರದಲ್ಲಿ ಕೊಡಿ. ವಿಳಾಸದ ಫಾರಂನಲ್ಲಿ ತುಂಬಿದ್ದನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಿಡಬಹುದು. ರಿಯಾಕ್ಟ್ ಆಮೇಲೆ ಕಲಿಯಿರಿ ಎಂದು ನಾನು ಹೇಳಿದ್ದರ ಹಿಂದೆ ಈ ಕಾರಣವೂ ಇತ್ತು.

ಕನ್ನಡದ ಹುಡುಕಾಟದ ಬಗ್ಗೆಯೂ ಯೋಚಿಸಿ. ಯುನಿಕೋಡ್‌ನಲ್ಲಿ 'ಅಪ್ಪೆಮಿಡಿ' ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರವಾದರೂ ಒಳಗೆ 9 ಸಂಕೇತಗಳು, ಯುಟಿಎಫ್-8ರಲ್ಲಿ 27 ಬೈಟುಗಳು. ಹೆಸರಿನ ಅಂಕಣದ ಉದ್ದವನ್ನು ನಿರ್ಧರಿಸುವಾಗ ಇದು ನೆನಪಿರಲಿ. 'ಕೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಸಾಧ್ಯವಿರುವುದರಿಂದ, ಒಂದೇ ರೀತಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆಯಾಗಬಹುದು. ಪದವನ್ನು ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು, ಹೋಲಿಸುವಾಗ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆದುಹಾಕಿ. ಗಿರಾಕಿಗಳು ಇಂಗ್ಲಿಷ್ ಅಕ್ಷರಗಳಲ್ಲಿಯೂ ಟೈಪ್ ಮಾಡುವುದರಿಂದ ಪ್ರತಿ ಸರಕಿಗೆ ಪರ್ಯಾಯ ಹೆಸರುಗಳ ಒಂದು ಟೇಬಲ್ ಇಡುವುದು ಸರಳ ಪರಿಹಾರ. ಮುರುಗಲು ಎಂದು ಹುಡುಕಿದವರಿಗೂ ಕೋಕಂ ಎಂದು ಹುಡುಕಿದವರಿಗೂ ಒಂದೇ ಸರಕು ಸಿಗಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸ್ ಬಳಸುವುದಾದರೆ ಅಕ್ಷರ ಸಂಕೇತವನ್ನು ಯುಟಿಎಫ್8ಎಂಬಿ4 ಎಂದೇ ಇಡಿ. ಹಳೆಯ ಯುಟಿಎಫ್8 ಕನ್ನಡಕ್ಕೆ ಸಾಕಾದರೂ ಗಿರಾಕಿ ಟಿಪ್ಪಣಿಯಲ್ಲಿ ಒಂದು ಇಮೋಜಿ ಹಾಕಿದರೆ ತೊಂದರೆಯಾಗುತ್ತದೆ.

ಬಿಸಿಎ ಪದವೀಧರೆ, ಸಿದ್ದಾಪುರ

ಎಲ್ಲರ ಮಾತನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಸೇರಿಸಿದ್ದು: ಜೋನಿ ಬೆಲ್ಲ ಆಲೆಮನೆಯ ಕಾಲದಲ್ಲಿ ಮಾತ್ರ ಬರುತ್ತದೆ, ಹಪ್ಪಳವನ್ನು ಬೇಸಿಗೆಯ ಬಿಸಿಲಿನಲ್ಲಿಯೇ ಒಣಗಿಸಬೇಕು, ಆದ್ದರಿಂದ ವರ್ಷವಿಡೀ ಎಲ್ಲವನ್ನೂ ಮಾರಾಟಕ್ಕಿಟ್ಟಂತೆ ತೋರಿಸಬಾರದು. ಸರಕಿಗೆ ಋತುವಿನ ಅಂಕಣವೊಂದನ್ನು ಸೇರಿಸಿದ್ದೇನೆ. ಹೊನ್ನಾವರದವರ ಸಲಹೆಯಂತೆ ಸಂಘಕ್ಕೆ ಸಿದ್ಧ ತಂತ್ರಾಂಶ ಹಾಕಿ, ನಾನು ಜಾಂಗೋದಲ್ಲಿ ಕೈಯಾರೆ ಬರೆಯಲು ಆರಂಭಿಸುತ್ತೇನೆ. ನಾನು ಬರೆಯುವ ಮೊದಲ ಆವೃತ್ತಿಯಲ್ಲಿ ಯಾವುದನ್ನು ಬಿಟ್ಟುಬಿಡಬಹುದು?

ವೆಬ್ ಡೆವಲಪರ್, ಶಿರಸಿ

ದೊಡ್ಡಮ್ಮನವರ ಮಾತು ನಮ್ಮೆಲ್ಲರ ಪಟ್ಟಿಯಲ್ಲಿ ಇಲ್ಲದ ಅಂಶ, ಅವರನ್ನು ವಿನ್ಯಾಸದಿಂದ ಹೊರಗಿಡಬೇಡಿ. ಗಿರಾಕಿಯ ಖಾತೆ ಮತ್ತು ಲಾಗಿನ್, ಕೂಪನ್, ವಿಮರ್ಶೆ, ಇಷ್ಟದ ಪಟ್ಟಿ, ಮೊಬೈಲ್ ಆ್ಯಪ್ ಇವೆಲ್ಲವನ್ನೂ ಬಿಡಿ. ಸರಕಿನ ಪುಟ, ಬುಟ್ಟಿ, ವಿಳಾಸ, ಪರೀಕ್ಷಾ ವಿಧಾನದ ಪಾವತಿ, ವೆಬ್‌ಹುಕ್, ಮತ್ತು ಪ್ಯಾಕ್ ಮಾಡುವವರು ಮುದ್ರಿಸಿಕೊಳ್ಳಬಹುದಾದ ಆರ್ಡರ್ ಪಟ್ಟಿ ಇಷ್ಟಿರಲಿ. ಕೊನೆಯದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ, ಆದರೆ ಸಂಘದ ಮಹಿಳೆಯರು ದಿನವೂ ಕೈಯಲ್ಲಿ ಹಿಡಿಯುವುದು ಅದನ್ನೇ. ಆರಂಭಕ್ಕೆ ಎಸ್‌ಕ್ಯುಎಲೈಟ್ ಎಂಬ ಸರಳ ಡೇಟಾಬೇಸ್ ಸಾಕು. ಏಕಕಾಲದ ಖರೀದಿಯ ಪ್ರಯೋಗಕ್ಕೆ ಬಂದಾಗ ಪೋಸ್ಟ್‌ಗ್ರೆಎಸ್‌ಕ್ಯುಎಲ್‌ಗೆ ಬದಲಿಸಿಕೊಳ್ಳಿ.

ಮುಂದೊಂದು ದಿನ ಇದನ್ನೇ ನಿಜವಾದ ಮಳಿಗೆಯಾಗಿ ತೆರೆಯುವುದಾದರೆ, ಡೇಟಾಬೇಸ್‌ನ ಬ್ಯಾಕಪ್ ಪ್ರತಿ ರಾತ್ರಿ ಬೇರೊಂದು ಜಾಗಕ್ಕೆ ಹೋಗುವಂತೆ ಮಾಡಿ, ಆ ಬ್ಯಾಕಪ್‌ನಿಂದ ಖಾಲಿ ಕಂಪ್ಯೂಟರ್ ಒಂದರಲ್ಲಿ ಇಡೀ ಮಳಿಗೆಯನ್ನು ಮರಳಿ ಎಬ್ಬಿಸಿ ನೋಡಿ, ಅದಾದ ಮೇಲೆ ವಿಳಾಸವನ್ನು ಗಿರಾಕಿಗಳಿಗೆ ಕೊಡಿ. ಆರ್ಡರ್‌ನ ಸ್ಥಿತಿಗಳ ಹಾಳೆ ಸಿದ್ಧವಾದಾಗ ಅದನ್ನು ಇಲ್ಲಿ ಹಾಕಿದರೆ, ಬಿಟ್ಟುಹೋದದ್ದನ್ನು ಗುರುತಿಸಲು ನಾವೆಲ್ಲ ನೆರವಾಗುತ್ತೇವೆ.